ಆಟದ ಮೇಲಿನ ಪ್ರೀತಿಗೆ ಸಂಬಳ ಮುರ್ಕೋಬಾರದು

ಎರಡನೇ ವರ್ಷಕ್ಕೆ ಬಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು, ಇಂಟರ್ನ್‌ಶಿಪ್. ನಮ್ಮ ಕನ್ನಡ ಬಳಗದಲ್ಲಿ ಈ ವರ್ಷ ಆ ಮಾತಿನ ಜೊತೆ ಇನ್ನೊಂದು ಮಾತೂ ಸೇರ್ಕೊಂಡಿದೆ. "ಯಾವುದಾದ್ರೂ ದೊಡ್ಡ ಸ್ಪೋರ್ಟ್ಸ್ ಮೀಡಿಯಾ ಕಂಪನಿಲಿ ಸಿಕ್ಕಿದ್ರೆ ಸಾಕು, ದುಡ್ಡು ಕೊಡದಿದ್ರೂ ಪರವಾಗಿಲ್ಲ." ಇದನ್ನ ಕ್ಯಾಂಟೀನ್‌ನಲ್ಲಿ, ಲ್ಯಾಬ್‌ನಲ್ಲಿ, ಹಾಸ್ಟೆಲ್ ಮೆಟ್ಟಿಲ ಮೇಲೆ ಕೇಳಿ ಕೇಳಿ ನಮಗೆ ಸಾಕಾಗಿದೆ. ಈ ಬರಹ ಆ "ದುಡ್ಡು ಕೊಡದಿದ್ರೂ ಪರವಾಗಿಲ್ಲ" ಅನ್ನೋ ಮಾತಿನ ಬಗ್ಗೆ. ನಮ್ಮ ಪ್ರಕಾರ ಅದು ಪರವಾಗಿದೆ, ತುಂಬಾನೇ ಪರವಾಗಿದೆ.

ನಾವು ಅಂದ್ರೆ ಶಿಕಾರಿಪುರ ಮತ್ತು ಸೊರಬ ತಾಲ್ಲೂಕಿನಿಂದ ಇಲ್ಲಿಗೆ ಓದೋಕೆ ಬಂದಿರೋ ಒಂದಿಷ್ಟು ಜನ. ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ. ಆದ್ರೆ ಆಟವನ್ನ ಕನ್ನಡದಲ್ಲಿ ಹೇಳೋದು ಅಂದ್ರೇನು ಅಂತ ಗೊತ್ತಾಗಿದ್ದು ಶಾಲೆಯಿಂದಲ್ಲ, ಹೋರಿ ಹಬ್ಬದ ಮೈಕಿನಿಂದ, ಕಬಡ್ಡಿ ಟೂರ್ನಮೆಂಟಿನ ಮೈಕಿನಿಂದ. ಆಮೇಲೆ 2018ರಲ್ಲಿ ಐಪಿಎಲ್ ಕನ್ನಡದಲ್ಲಿ ಬರೋಕೆ ಶುರುವಾಯ್ತು. ವಿಜಯ್ ಭಾರದ್ವಾಜ್ ಅವರಂಥ ನಮ್ಮದೇ ರಾಜ್ಯದ ಹಳೇ ಆಟಗಾರರು ಟಿವಿಯಲ್ಲಿ ಕನ್ನಡ ಮಾತಾಡಿದ್ರು. ಆಗ ನಮಗೆ ಹನ್ನೆರಡು ವರ್ಷದ ಆಸುಪಾಸು. ಇದೂ ಒಂದು ಕೆಲಸ, ಇದನ್ನೂ ಮಾಡಬಹುದು ಅಂತ ತಲೆಗೆ ಹೊಳೆದಿದ್ದು ಆವಾಗ. ಹಾಗಾಗಿ ಈ ಆಸೆಯನ್ನ ನಾವು ತಮಾಷೆ ಮಾಡ್ತಿಲ್ಲ. ನಮಗೂ ಇದೆ.

ಮೊದಲು ದುಡ್ಡಿನ ಮಾತು ಮುಗಿಸೋಣ. 2023ರಿಂದ 2027ರವರೆಗಿನ ಐದು ವರ್ಷದ ಐಪಿಎಲ್ ಪ್ರಸಾರದ ಹಕ್ಕು ಮಾರಾಟ ಆಗಿದ್ದು 48,390 ಕೋಟಿ ರೂಪಾಯಿಗೆ. ಒಟ್ಟು 410 ಪಂದ್ಯ ಅಂತ ಲೆಕ್ಕ ಹಿಡಿದು ಮಾರಿದ್ದು. ಭಾಗಿಸಿದ್ರೆ ಒಂದು ಪಂದ್ಯಕ್ಕೆ ಸುಮಾರು 118 ಕೋಟಿ. ನಾವು ರಾತ್ರಿ ಊಟದ ತಟ್ಟೆ ಹಿಡ್ಕೊಂಡು ನೋಡೋ ಪಂದ್ಯವನ್ನ ತೋರಿಸೋ ಹಕ್ಕಿಗೆ ಮಾತ್ರ ಇಷ್ಟು ಬೆಲೆ. ಕ್ಯಾಮೆರಾ, ಸ್ಟುಡಿಯೋ, ಜನ ಎಲ್ಲಾ ಬೇರೆ ಖರ್ಚು. ಇಂಥ ಉದ್ಯಮ ಒಬ್ಬ ವಿದ್ಯಾರ್ಥಿಗೆ ತಿಂಗಳಿಗೆ ಹತ್ತು ಸಾವಿರ ಸ್ಟೈಪೆಂಡ್ ಕೊಡೋಕೆ ಆಗಲ್ಲ ಅಂದ್ರೆ, ಅದು ದುಡ್ಡಿಲ್ಲದೆ ಅಲ್ಲ. ಕೇಳೋರು ಇಲ್ಲದೆ.

ಒಳಗಿನ ಕೆಲಸ ಹೇಗಿರುತ್ತೆ ಅಂತ ತಿಳ್ಕೊಳ್ಳೋಕೆ, ಈ ಕ್ಷೇತ್ರದಲ್ಲಿರೋ ನಮ್ಮ ಕಡೆಯ ಮೂವರ ಹತ್ರ ಮಾತಾಡಿದ್ವಿ. ಅವರ ಹೆಸರು, ಕಂಪನಿಯ ಹೆಸರು ಇಲ್ಲಿ ಬೇಡ, ನಾಳೆ ಅವರು ಅಲ್ಲೇ ಕೆಲಸ ಮಾಡಬೇಕು. ಒಬ್ರು ಆನವಟ್ಟಿ ಕಡೆಯ ಅಣ್ಣ, ಗ್ರಾಫಿಕ್ಸ್ ನೋಡ್ಕೊಳ್ತಾರೆ. ಇನ್ನೊಬ್ರು ಶಿರಾಳಕೊಪ್ಪದ ಅಕ್ಕ, ಪಂದ್ಯದ ತುಣುಕು ಕತ್ತರಿಸಿ ಕನ್ನಡದಲ್ಲಿ ಸಾಲು ಬರೆದು ಮೊಬೈಲಿಗೆ ಬಿಡೋ ತಂಡದಲ್ಲಿದ್ರು. ಮೂರನೆಯವರು ಒಂದೊಂದು ಎಸೆತದ ಡೇಟಾ ತುಂಬೋ ಕೆಲಸದಲ್ಲಿದ್ದಾರೆ.

ಮೂವರೂ ಮೊದಲು ಹೇಳಿದ್ದು ಒಳ್ಳೇದನ್ನೇ. ಅದನ್ನ ಬಿಟ್ಟು ಬರೆದ್ರೆ ಅನ್ಯಾಯ ಆಗುತ್ತೆ. ನೇರ ಪ್ರಸಾರದಲ್ಲಿ ಕಲಿಯೋ ವೇಗ ಬೇರೆ ಎಲ್ಲೂ ಸಿಗಲ್ಲ ಅಂತಾರೆ ಅಣ್ಣ. ವಿಕೆಟ್ ಬಿದ್ದ ಕೆಲವೇ ಸೆಕೆಂಡಲ್ಲಿ ಮುಂದಿನ ಆಟಗಾರನ ಹೆಸರು, ಅಂಕಿಅಂಶ ಪರದೆ ಮೇಲೆ ಬರಬೇಕು. ತಪ್ಪಾದ್ರೆ ಇಡೀ ರಾಜ್ಯ ನೋಡುತ್ತೆ. ಕನ್ನಡದ್ದು ಇನ್ನೂ ಒಂದು ತಲೆನೋವು. ಗ್ರಾಫಿಕ್ಸ್ ಸಾಫ್ಟ್‌ವೇರಿನಲ್ಲಿ ಕೆಲವು ಫಾಂಟ್ ಹಾಕಿದ್ರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರುತ್ತಂತೆ. ಅದನ್ನ ಸರಿ ಮಾಡೋ ದಾರಿ ಅವರೇ ಕಂಡ್ಕೊಂಡ್ರು. ಅಕ್ಕನಿಗೆ ಮರೆಯಲಾಗದ್ದು ಬೇರೆ. ಅವರು ಹಿಂದಿನ ರಾತ್ರಿ ಬರೆದ ಒಂದು ಸಾಲನ್ನ ಶಿಕಾರಿಪುರ ಬಸ್‌ಸ್ಟ್ಯಾಂಡಲ್ಲಿ ಕಾಲೇಜು ಹುಡುಗರು ಹಾಗ್ಹಾಗೇ ಹೇಳ್ಕೊಂಡು ನಗ್ತಿದ್ರು ಅಂತ ಅವರ ತಮ್ಮ ಫೋನ್ ಮಾಡಿ ಹೇಳಿದ್ನಂತೆ. "ಆ ದಿನ ಸಂಬಳ ನೆನಪಿಗೇ ಬರ್ಲಿಲ್ಲ" ಅಂದ್ರು.

ಸಮಸ್ಯೆ ಇರೋದು ಆ ಮಾತಿನಲ್ಲೇ. ಆ ಖುಷಿ ಅಕ್ಕನದು. ಅದನ್ನ ಲೆಕ್ಕಕ್ಕೆ ತಗೊಂಡು ಸಂಬಳ ಮುರ್ಕೊಳ್ಳೋ ಹಕ್ಕು ಕಂಪನಿಗೆ ಇಲ್ಲ. ಆದ್ರೆ ಮುರ್ಕೊಳ್ತಾರೆ.

ಹೇಗೆ ಅಂತ ಅಣ್ಣನ ವಿಷಯದಲ್ಲೇ ನೋಡಿ. ಪರದೆ ಮೇಲೆ ಕಾಣೋದು ದೊಡ್ಡ ಕಂಪನಿಯ ಲಾಂಛನ. ಕಾಗದದಲ್ಲಿ ಅಣ್ಣ ಆ ಕಂಪನಿಯವರೇ ಅಲ್ಲ. ಜನ ಒದಗಿಸೋ ಏಜೆನ್ಸಿಯ ಮೂಲಕ ಹೋದವರು. ದುಡ್ಡು ತಿಂಗಳ ಲೆಕ್ಕ ಅಲ್ಲ, ಪಂದ್ಯ ಇದ್ದ ದಿನದ ಲೆಕ್ಕ. ಪಂದ್ಯ ಇಲ್ಲದ ದಿನಕ್ಕೂ ಮುಂಬೈನಲ್ಲಿ ರೂಮಿನ ಬಾಡಿಗೆ ಓಡ್ತಾ ಇರುತ್ತೆ. ಫೈನಲ್ ಮುಗಿದ ಮಾರನೇ ದಿನ, "ಮುಂದಿನ ಸೀಸನ್‌ಗೆ ಹೇಳ್ತೀವಿ." ಹೇಳಿದ್ರೆ ಉಂಟು, ಇಲ್ಲದಿದ್ರೆ ಇಲ್ಲ. ಎರಡು ಸೀಸನ್ ಮಧ್ಯೆ ಊರಿಗೆ ಬಂದು ಅಪ್ಪನ ಜೊತೆ ಜೋಳಕ್ಕೆ ಗೊಬ್ಬರ ಹಾಕಿ, ಮದುವೆ ವಿಡಿಯೋ ಎಡಿಟ್ ಮಾಡಿ ದಿನ ತಳ್ಳಿದ್ದೂ ಇದೆ.

ಇನ್ನು ಸಮಯ. ರಾತ್ರಿ ಏಳೂವರೆ ಪಂದ್ಯ ಅಂದ್ರೆ ನಮಗೆ ಏಳೂವರೆಗೆ ಶುರು, ಹನ್ನೊಂದೂವರೆಗೆ ಮುಗಿಯಿತು. ಒಳಗಿರೋರಿಗೆ ಮಧ್ಯಾಹ್ನವೇ ಶುರು. ಮುಗಿದ ಮೇಲೆ ಮುಖ್ಯಾಂಶ, ಮಾತುಕತೆ, ತುಣುಕುಗಳು. ಹೊರಗೆ ಬರೋ ಹೊತ್ತಿಗೆ ಎರಡು ಗಂಟೆ. ಆ ಹೊತ್ತಿಗೆ ಮುಂಬೈನ ಲೋಕಲ್ ರೈಲು ನಿಂತಿರುತ್ತೆ, ಮತ್ತೆ ಶುರುವಾಗೋದು ನಸುಕಿನ ನಾಲ್ಕರ ಸುಮಾರಿಗೆ. ಮನೆ ತಲುಪಿಸೋಕೆ ಕ್ಯಾಬ್ ಇದೆಯಾ ಇಲ್ಲವಾ ಅನ್ನೋದು ಅಕ್ಕನಂಥವರಿಗೆ ಸಣ್ಣ ಪ್ರಶ್ನೆ ಅಲ್ಲ. ಅವರ ತಂಡದಲ್ಲಿ ಕಾಯಂ ನೌಕರರಿಗೆ ಕ್ಯಾಬ್ ಇತ್ತು, ಗುತ್ತಿಗೆಯವರಿಗೆ ಇರಲಿಲ್ಲ. ಡೇಟಾ ಕೆಲಸದವರದ್ದು ಇನ್ನೊಂದು ಕತೆ. ವೆಸ್ಟ್ ಇಂಡೀಸ್‌ನಲ್ಲಿ ಪಂದ್ಯ ಇದ್ರೆ ಇಡೀ ರಾತ್ರಿ, ಆಸ್ಟ್ರೇಲಿಯಾದಲ್ಲಿ ಇದ್ರೆ ಕೋಳಿ ಕೂಗೋಕೆ ಮುಂಚೆ ಏಳಬೇಕು. ಹಬ್ಬ ಹರಿದಿನ, ಭಾನುವಾರ ಅಂತೂ ಕೇಳೋದೇ ಬೇಡ. ಎಲ್ಲರಿಗೂ ರಜೆ ಇರೋ ದಿನವೇ ಇವರಿಗೆ ಜಾಸ್ತಿ ಕೆಲಸ. ಮೂರು ದೀಪಾವಳಿ ಊರಿಗೆ ಬಂದಿಲ್ಲ, ಹೋರಿ ನೋಡಿಲ್ಲ ಅಂತ ಅಣ್ಣ ಹೇಳುವಾಗ ನಮಗೇ ಬೇಜಾರಾಯ್ತು.

ಕನ್ನಡದ ಕೆಲಸಕ್ಕೆ ಇನ್ನೊಂದು ಕೊಕ್ಕೆ ಇದೆ. ಒಡೆದ ಒತ್ತಕ್ಷರ ಸರಿ ಮಾಡಿದ್ದು, ಆಟಗಾರರ ಹೆಸರನ್ನ ಕನ್ನಡದಲ್ಲಿ ಹೇಗೆ ಬರೀಬೇಕು ಅಂತ ಪಟ್ಟಿ ಮಾಡಿದ್ದು, ಇಂಗ್ಲಿಷಿನ ಜೋಕು ಕನ್ನಡದಲ್ಲಿ ಕೂರಲ್ಲ ಅಂದಾಗ ಹೊಸದನ್ನೇ ಬರೆದಿದ್ದು, ಇದಕ್ಕೆಲ್ಲಾ ಅಲ್ಲಿನ ಹೆಸರು "ಅನುವಾದ". ಅಂದ್ರೆ ಮೂಲ ಕೆಲಸ ಬೇರೆಯವರದು, ಇವರು ಬರೀ ಭಾಷೆ ಬದಲಾಯಿಸೋರು. ಹಾಗಾಗಿ ರೇಟೂ ಕಡಿಮೆ. 2023ರಲ್ಲಿ ಮೊಬೈಲ್‌ನಲ್ಲಿ ಐಪಿಎಲ್ 12 ಭಾಷೆಯಲ್ಲಿ ಬಂತು ಅಂತ ನಾವೆಲ್ಲಾ ಹೆಮ್ಮೆ ಪಟ್ಟಿದ್ದು ನಿಜ. ಆ ಭಾಷೆಗಳಿಂದಲೇ ಕಂಪನಿಗೆ ಹೊಸ ಪ್ರೇಕ್ಷಕರು ಬಂದ್ರು ಅನ್ನೋದೂ ನಿಜ. ಹಾಗಿದ್ದ ಮೇಲೆ ಆ ಭಾಷೆ ಗೊತ್ತಿರೋದು ಒಂದು ಕೌಶಲ, ಜಾವಾ ಅಥವಾ ಪೈಥಾನ್ ಗೊತ್ತಿರೋ ಹಾಗೆ. ಮನೇಲಿ ಅಮ್ಮನಿಂದ ಕಲಿತಿದ್ದು ಅಂತ ಅದು ಬಿಟ್ಟಿ ಆಗಲ್ಲ.

"ಇದೆಲ್ಲಾ ಶುರುವಿನ ಕಷ್ಟ, ದೊಡ್ಡ ಕಂಪನಿಯ ಒಳಗೆ ಕಾಯಂ ಆದ್ರೆ ಎಲ್ಲಾ ಸರಿ ಹೋಗುತ್ತೆ" ಅಂತ ನೀವು ಹೇಳಬಹುದು. ಇಎಸ್‌ಪಿಎನ್ ನೋಡಿ. 1979ರಲ್ಲಿ ಅಮೆರಿಕದ ಕನೆಕ್ಟಿಕಟ್‌ನ ಬ್ರಿಸ್ಟಲ್ ಅನ್ನೋ ಊರಲ್ಲಿ ಶುರುವಾದ ಚಾನೆಲ್, ಆಮೇಲೆ ಕ್ರೀಡಾ ಮಾಧ್ಯಮ ಅಂದ್ರೆ ಅದೇ ಅನ್ನೋ ಮಟ್ಟಕ್ಕೆ ಬೆಳೀತು. 2017ರ ಏಪ್ರಿಲ್‌ನಲ್ಲಿ ಸುಮಾರು 100 ಜನರನ್ನ ಒಂದೇ ಸಲ ತೆಗೆದ್ರು. ಅದರಲ್ಲಿ ಪರದೆ ಮೇಲೆ ವರ್ಷಗಟ್ಟಲೆ ಕಂಡ ಮುಖಗಳೂ ಇದ್ವು. 2020ರ ನವೆಂಬರ್‌ನಲ್ಲಿ ಮತ್ತೆ ಸುಮಾರು 300 ಜನ. ನಮ್ಮ ದೇಶದಲ್ಲಿ 2024ರ ನವೆಂಬರ್‌ನಲ್ಲಿ ಡಿಸ್ನಿಯ ಸ್ಟಾರ್ ಮತ್ತು ರಿಲಯನ್ಸ್‌ನ ವಯಾಕಾಮ್18 ಒಂದಾಗಿ ಜಿಯೋಸ್ಟಾರ್ ಆಯ್ತು. ಕೆಲವೇ ತಿಂಗಳಲ್ಲಿ, 2025ರ ಮಾರ್ಚ್‌ನಲ್ಲಿ, ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಗ್ತಿದೆ ಅಂತ ಪತ್ರಿಕೆಗಳು ವರದಿ ಮಾಡಿದ್ವು. ಎರಡು ಕಂಪನಿ ಒಂದಾದಾಗ ಒಂದೇ ಕೆಲಸಕ್ಕೆ ಇಬ್ಬಿಬ್ರು ಆಗ್ತಾರೆ, ಒಬ್ರು ಹೋಗಬೇಕು. ವ್ಯಾಪಾರದ ಲೆಕ್ಕ ಅರ್ಥ ಆಗುತ್ತೆ. ಆದ್ರೆ ಕಾಯಂ ಆದವರಿಗೇ ಹೀಗಾದ್ರೆ, "ಈಗ ಬಿಟ್ಟಿ ದುಡಿ, ಮುಂದೆ ಕಾಯಂ ಆಗುತ್ತೆ" ಅನ್ನೋ ಮಾತನ್ನ ನಂಬೋದು ಹೇಗೆ?

ಆ ವಿಲೀನದಿಂದ ಕನ್ನಡದವರಿಗೆ ಆದದ್ದು ಇನ್ನೊಂದಿದೆ. 2023 ಮತ್ತು 2024ರಲ್ಲಿ ಐಪಿಎಲ್ ಟಿವಿಯಲ್ಲಿ ಒಂದು ಕಂಪನಿ ಕೈಲಿತ್ತು, ಮೊಬೈಲ್‌ನಲ್ಲಿ ಇನ್ನೊಂದರ ಕೈಲಿತ್ತು. ಎರಡಕ್ಕೂ ಬೇರೆ ಬೇರೆ ಕನ್ನಡ ತಂಡ ಬೇಕಿತ್ತು. ಒಬ್ರು ಕಡಿಮೆ ಕೊಟ್ರೆ ಇನ್ನೊಬ್ರ ಹತ್ರ ಹೋಗ್ತೀನಿ ಅನ್ನೋ ಧೈರ್ಯ ಇತ್ತು. ಈಗ ಎರಡೂ ಒಂದೇ ಮನೆ. ಕನ್ನಡದಲ್ಲಿ ಐಪಿಎಲ್ ಕೆಲಸ ಬೇಕು ಅಂದ್ರೆ ತಟ್ಟೋಕೆ ಇರೋದು ಒಂದೇ ಬಾಗಿಲು. ಆ ಒಂದು ಬಾಗಿಲ ಮುಂದೆ "ನಂಗೆ ದುಡ್ಡೇ ಬೇಡ" ಅಂತ ಹತ್ತು ಜನ ನಿಂತ್ರೆ, "ನಂಗೆ ನ್ಯಾಯವಾದ ದುಡ್ಡು ಕೊಡಿ" ಅನ್ನೋ ಹನ್ನೊಂದನೆಯವರ ಗತಿ ಏನು? ಅದಕ್ಕೇ ಇದು ನಿಮ್ಮ ಒಬ್ಬರ ಇಷ್ಟದ ವಿಷಯ ಅಲ್ಲ ಅಂತ ನಾವು ಹೇಳೋದು. ಮನೇಲಿ ಅನುಕೂಲ ಇರೋರು ಆರು ತಿಂಗಳು ಬಿಟ್ಟಿ ದುಡಿಯಬಹುದು. ಸೊರಬದ ಹಳ್ಳಿಯಿಂದ ಸಾಲ ಮಾಡಿ ಓದೋಕೆ ಬಂದವರಿಗೆ ಮುಂಬೈನಲ್ಲಿ ಆರು ದಿನ ಇರೋದೂ ಕಷ್ಟ. ಬಿಟ್ಟಿ ಕೆಲಸ ರೂಢಿ ಆದ್ರೆ, ಮೊದಲು ಬಾಗಿಲು ಮುಚ್ಚೋದು ನಮ್ಮಂಥವರಿಗೇ.

"ಪ್ರೀತಿಯಿಂದ ಬಿಟ್ಟಿ ಮಾಡಿದ್ರಿಂದಲೇ ಎಷ್ಟೋ ದೊಡ್ಡ ಕೆಲಸ ಆಗಿದೆ" ಅನ್ನೋದೂ ಒಂದು ವಾದ. ಒಪ್ತೀವಿ. ಕ್ರಿಕ್‌ಇನ್ಫೋ ಹುಟ್ಟಿದ್ದೇ ಹಾಗೆ. 1993ರಲ್ಲಿ ಸೈಮನ್ ಕಿಂಗ್ ಅದನ್ನ ಶುರು ಮಾಡಿದಾಗ, ಬೇರೆ ಬೇರೆ ದೇಶದಲ್ಲಿದ್ದ ವಿದ್ಯಾರ್ಥಿಗಳು, ಸಂಶೋಧಕರು ಸ್ವಂತ ಇಷ್ಟದಿಂದ ಸ್ಕೋರ್ ಟೈಪ್ ಮಾಡಿ ಹಾಕ್ತಿದ್ರು. ಯಾರೂ ಯಾರಿಗೂ ಸಂಬಳ ಕೊಡ್ತಿರಲಿಲ್ಲ, ಯಾಕಂದ್ರೆ ಯಾರಿಗೂ ಲಾಭವೂ ಇರಲಿಲ್ಲ. ಆಮೇಲೆ ಅದು ವಿಸ್ಡನ್ ಕೈಗೆ ಬಂತು, 2007ರಲ್ಲಿ ಇಎಸ್‌ಪಿಎನ್ ಕೊಂಡ್ಕೊಂಡಿತು. ನಮ್ಮ ಬೆಂಗಳೂರಲ್ಲೇ ಅದರ ಕಚೇರಿ ಇದೆ. ವ್ಯತ್ಯಾಸ ಇಷ್ಟೇ. ಲಾಭ ಇಲ್ಲದ ಕಡೆ ಎಲ್ಲರೂ ಸೇರಿ ಬಿಟ್ಟಿ ಮಾಡಿದ್ರೆ ಅದು ಸೇವೆ. ಒಬ್ಬರು ಲಾಭ ಮಾಡೋ ಕಡೆ ಇನ್ನೊಬ್ಬರು ಬಿಟ್ಟಿ ಮಾಡಿದ್ರೆ ಅದು ಬಿಟ್ಟಿ ಚಾಕರಿ. ನಮ್ಮೂರಿನ ಹಿರಿಯರಿಗೆ ಈ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತು.

ಹಾಗಂತ ತಪ್ಪೆಲ್ಲಾ ಮುಂಬೈನವರದ್ದೇ ಅಂತ ಕೈ ತೊಳ್ಕೊಳ್ಳೋಕೂ ಆಗಲ್ಲ. ನಮ್ಮ ಎರಡು ತಾಲ್ಲೂಕಿನಲ್ಲೇ ಈಗ ಒಂದು ಕ್ರೀಡಾ ಮಾಧ್ಯಮ ಬೆಳೀತಾ ಇದೆ. ದೀಪಾವಳಿ ಮುಗಿದ ಮೇಲೆ ಊರೂರಲ್ಲಿ ಹೋರಿ ಬೆದರಿಸೋ ಸ್ಪರ್ಧೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿ ಅಖಾಡದಲ್ಲಿ ಓಡೋದು, ಹುಡುಗರು ಅದನ್ನ ಕೀಳೋಕೆ ನುಗ್ಗೋದು. ಹೆಸರಾಂತ ಹೋರಿಗಳಿಗೆ ಸಿನಿಮಾ ನಟರಷ್ಟೇ ಅಭಿಮಾನಿಗಳು. ಗೆದ್ದವರಿಗೆ ಬೈಕು, ಫ್ರಿಜ್ಜು, ಬಂಗಾರ ಬಹುಮಾನ. ಇದೆಲ್ಲಾ ಈಗ ಯೂಟ್ಯೂಬ್‌ನಲ್ಲಿ ಲೈವ್ ಬರುತ್ತೆ. ಬೆಂಗಳೂರಿಗೆ ದುಡಿಯೋಕೆ ಹೋದವರೂ ಕೂತಲ್ಲೇ ನೋಡ್ತಾರೆ. ಇದನ್ನ ತೋರಿಸೋರು ಯಾರು? ಪಿಯುಸಿ, ಡಿಗ್ರಿ ಓದೋ ಹುಡುಗರು. ನಮ್ಮ ಗೆಳೆಯರು, ನಮ್ಮ ತಮ್ಮಂದಿರು. ಬೆಳಗ್ಗೆಯಿಂದ ಸಂಜೆವರೆಗೆ ಬಿಸಿಲಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮೇಲೆ, ಕೆಲವು ಸಲ ಅಖಾಡದ ಬೇಲಿಗೇ ಒರಗಿ ನಿಂತು ಚಿತ್ರೀಕರಿಸ್ತಾರೆ. ಆ ಸ್ಪರ್ಧೆಯಲ್ಲಿ ಜನಕ್ಕೆ ಗಾಯ ಆಗೋದು ಹೊಸದಲ್ಲ, ನೋಡೋಕೆ ನಿಂತವರ ಪ್ರಾಣ ಹೋದದ್ದೂ ಇದೆ. ಕ್ಯಾಮೆರಾ ಹಿಡಿದವನ ಕಣ್ಣು ಪರದೆ ಮೇಲಿರುತ್ತೆ, ಹೋರಿ ಯಾವ ಕಡೆಯಿಂದ ಬಂತು ಅಂತ ಅವನಿಗೇ ಕೊನೆಗೆ ಗೊತ್ತಾಗೋದು.

ಇವರಿಗೆ ಸಿಗೋದೇನು? ಮಧ್ಯಾಹ್ನದ ಊಟ, ಪೆಟ್ರೋಲಿನ ದುಡ್ಡು, "ಚೆನ್ನಾಗಿ ತೆಗ್ದಿದೀಯ ಮಾರಾಯ" ಅನ್ನೋ ಒಂದು ಮಾತು. ಎಷ್ಟೋ ಕಡೆ ಅಷ್ಟೇ. ಹೋರಿಯ ಹೆಸರು ಬರುತ್ತೆ, ಮಾಲೀಕರ ಹೆಸರು ಬರುತ್ತೆ, ಬಹುಮಾನ ಕೊಟ್ಟವರ ಹೆಸರು ಮೂರು ಸಲ ಬರುತ್ತೆ. ಚಿತ್ರ ತೆಗೆದವರ ಹೆಸರು ಬರಲ್ಲ. ದೊಡ್ಡ ಕಂಪನಿ ಅಣ್ಣನಿಗೆ ಮಾಡಿದ್ದನ್ನೇ ಸಣ್ಣ ಪ್ರಮಾಣದಲ್ಲಿ ನಾವು ತಮ್ಮನಿಗೆ ಮಾಡ್ತಿದೀವಿ.

ಹೆಸರು ಅನ್ನೋದು ನಮ್ಮ ಕಡೆ ಸಣ್ಣ ವಿಷಯ ಆಗಿರಲಿಲ್ಲ. ಶಿಕಾರಿಪುರ, ಸೊರಬ ತಾಲ್ಲೂಕಿನಲ್ಲಿ ಎಲ್ಲಿ ಹೋದ್ರೂ ವೀರಗಲ್ಲು ಸಿಗುತ್ತೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಶಿಕಾರಿಪುರದ್ದು, 8ನೇ ಸಂಪುಟದಲ್ಲಿ ಸೊರಬದ್ದು ಶಾಸನಗಳು ಪುಟಗಟ್ಟಲೆ ಇವೆ. ಅದರಲ್ಲಿ ರಾಜರದ್ದು ಮಾತ್ರ ಅಲ್ಲ. ಊರಿನ ದನ ಕದ್ದು ಹೊರಟವರನ್ನ ತಡೆಯೋಕೆ ಹೋಗಿ ಸತ್ತ ಸಾಮಾನ್ಯರ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿದ್ದಾರೆ. ಕೆಲಸ ಮಾಡಿದವನ ಹೆಸರು ಉಳೀಬೇಕು ಅನ್ನೋ ಬುದ್ಧಿ ಆ ಕಾಲದಲ್ಲೇ ಇತ್ತು. ಈಗ ಹೆಸರು ಹಾಕೋಕೆ ಕಲ್ಲೂ ಬೇಡ, ಉಳಿಯೂ ಬೇಡ, ವಿಡಿಯೋ ಕೆಳಗೆ ಒಂದು ಸಾಲು ಟೈಪ್ ಮಾಡಿದ್ರೆ ಸಾಕು. ಆ ಹೆಸರು ಇದ್ರೆ ಅದೇ ಅವನ ಮುಂದಿನ ಕೆಲಸಕ್ಕೆ ರೆಸ್ಯೂಮ್ ಆಗುತ್ತೆ.

ಕಾನೂನು ಏನು ಹೇಳುತ್ತೆ ಅನ್ನೋದೂ ಗೊತ್ತಿರಲಿ. ಪತ್ರಿಕೆಯಲ್ಲಿ ಕೆಲಸ ಮಾಡೋ ವರದಿಗಾರರಿಗೆ 1955ರಲ್ಲೇ ಒಂದು ಕಾಯ್ದೆ ಬಂದಿತ್ತು. ನಾಲ್ಕು ವಾರಕ್ಕೆ 144 ಗಂಟೆಗಿಂತ ಹೆಚ್ಚು ದುಡಿಸಬಾರದು ಅಂತ ಅದರಲ್ಲಿತ್ತು. ಆ ಕಾಯ್ದೆ ಇದ್ದದ್ದು ಪತ್ರಿಕೆಯವರಿಗೆ ಮಾತ್ರ, ಹಾಗಾಗಿ ಆಮೇಲೆ ಬಂದ ಟಿವಿ, ಮೊಬೈಲಿನವರು ಅದರ ಹೊರಗೇ ಉಳಿದ್ರು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಡಿಜಿಟಲ್ ಮಾಧ್ಯಮದ ಪತ್ರಕರ್ತರು, ದೃಶ್ಯ ಶ್ರವಣ ಕೆಲಸಗಾರರು ಕೂಡ ಬರ್ತಾರೆ. ನೌಕರರಿಗೆ ನೇಮಕಾತಿ ಪತ್ರ ಕೊಡಲೇಬೇಕು ಅಂತಲೂ ಇದೆ. ಕಾನೂನು ಪುಸ್ತಕದಲ್ಲಿದ್ರೆ ಸಾಲದು ಅಂತ ನಮಗೂ ಗೊತ್ತು. ಆದ್ರೆ "ಕಾಗದದಲ್ಲಿ ಬರೆದು ಕೊಡಿ" ಅಂತ ಕೇಳೋದು ಅಹಂಕಾರ ಅಲ್ಲ, ಹಕ್ಕು ಅನ್ನೋದು ಹತ್ತೊಂಬತ್ತು ವರ್ಷದ ನಮಗೆ ಈಗಲೇ ಗೊತ್ತಿದ್ರೆ ಒಳ್ಳೇದು.

ಹಾಗಾದ್ರೆ ಈ ಕ್ಷೇತ್ರಕ್ಕೆ ಹೋಗಲೇಬಾರದಾ? ಖಂಡಿತ ಹೋಗಬೇಕು. ನಮ್ಮ ಕಡೆಯವರು ಹೋಗದಿದ್ರೆ ಕನ್ನಡ ಪ್ರಸಾರದಲ್ಲಿ ಮಲೆನಾಡಿನ ಮಾತೇ ಕೇಳಿಸಲ್ಲ. ಆದ್ರೆ ಹೋಗೋಕೆ ಮುಂಚೆ ಕೆಲವು ಪ್ರಶ್ನೆ ಕೇಳಿ. ನನ್ನನ್ನ ಕೆಲಸಕ್ಕೆ ತಗೊಳ್ತಿರೋದು ನೀವಾ, ಏಜೆನ್ಸಿಯಾ? ದುಡ್ಡು ದಿನದ ಲೆಕ್ಕವಾ, ತಿಂಗಳ ಲೆಕ್ಕವಾ? ಪಂದ್ಯ ಇಲ್ಲದ ದಿನಕ್ಕೆ ಏನು? ರಾತ್ರಿ ಎರಡು ಗಂಟೆಗೆ ಮನೆಗೆ ಹೇಗೆ ಹೋಗೋದು? ಇದೇ ಕೆಲಸ ಹಿಂದಿಯಲ್ಲಿ ಮಾಡೋರಿಗೆ ಎಷ್ಟು ಕೊಡ್ತೀರಿ? ನನ್ನ ಹೆಸರು ಎಲ್ಲಾದ್ರೂ ಬರುತ್ತಾ? ಉತ್ತರ ಕೊಡೋಕೆ ಮುಜುಗರ ಪಟ್ಟರೆ ಅದೇ ಒಂದು ಉತ್ತರ. ಮತ್ತೆ, ಆ ಕಂಪನಿಲಿ ಈಗ ಇರೋರನ್ನ ಮಾತ್ರ ಅಲ್ಲ, ಬಿಟ್ಟು ಬಂದವರನ್ನೂ ಮಾತಾಡಿಸಿ. ಒಳಗಿರೋರಿಗೆ ಎಲ್ಲವನ್ನೂ ಹೇಳೋ ಸ್ವಾತಂತ್ರ್ಯ ಇರಲ್ಲ.

ನಮ್ಮ ಬಳಗದ ಮುಂದೆಯೂ ಮೂರು ಬೇಡಿಕೆ ಇಡ್ತೀವಿ. ಒಂದು, ಲಾಭ ಮಾಡೋ ಕಂಪನಿಯ ಬಿಟ್ಟಿ ಇಂಟರ್ನ್‌ಶಿಪ್ ಸಂದೇಶವನ್ನ ಬಳಗದ ಗ್ರೂಪಿನಲ್ಲಿ ಹಾಕೋದು ಬೇಡ. ಎರಡು, ಕಾಲೇಜು ಕ್ರೀಡಾಕೂಟದ ಲೈವ್ ಮಾಡೋ ನಮ್ಮ ಹುಡುಗ ಹುಡುಗಿಯರ ಹೆಸರು ಪ್ರತಿ ವಿಡಿಯೋ ಕೆಳಗೆ ಬರಲಿ. ಪ್ರಾಯೋಜಕರು ದುಡ್ಡು ಕೊಟ್ಟಿದ್ರೆ ಅದರಲ್ಲಿ ಅವರಿಗೂ ಒಂದು ಪಾಲು ಇರಲಿ. ಮೂರು, ಈ ದೀಪಾವಳಿ ರಜೆಗೆ ಊರಿಗೆ ಹೋದಾಗ ನಾವು ಶಿಕಾರಿಪುರ, ಸೊರಬದವರು ನಮ್ಮ ನಮ್ಮ ಊರಿನ ಹೋರಿ ಸಮಿತಿಯವರ ಹತ್ರ ಮಾತಾಡ್ತೀವಿ. ಬಹುಮಾನದ ಪಟ್ಟಿಯ ಜೊತೆ ಕ್ಯಾಮೆರಾದವರ ಕೂಲಿಯನ್ನೂ ಖರ್ಚಿಗೆ ಬರ್ಕೊಳ್ಳಿ, ಅವರಿಗೆ ಬೇಲಿಯಿಂದ ದೂರ ಎತ್ತರದ ಜಾಗ ಮಾಡಿ ಕೊಡಿ ಅಂತ ಕೇಳ್ತೀವಿ. ಬೇರೆ ತಾಲ್ಲೂಕಿನವರು ನಿಮ್ಮ ಊರಿನ ಕಬಡ್ಡಿ, ಕಂಬಳ, ಟೆನಿಸ್ ಬಾಲ್ ಟೂರ್ನಮೆಂಟಿನಲ್ಲಿ ಇದನ್ನೇ ಕೇಳಬಹುದು.

ಎರಡು ವರ್ಷ ಆದ ಮೇಲೆ ನಮ್ಮಲ್ಲಿ ಯಾರೋ ಒಬ್ರು ಯಾವುದೋ ಸ್ಟುಡಿಯೋದಲ್ಲಿ ಕೂತು ಕನ್ನಡದಲ್ಲಿ ಪಂದ್ಯ ಕಟ್ಟಿಕೊಡ್ತಿರ್ತಾರೆ. ಆ ರಾತ್ರಿ ಅವರಿಗೆ ಆಟದ ಖುಷಿಯೂ ಇರಲಿ, ತಿಂಗಳ ಕೊನೆಗೆ ಸಂಬಳವೂ ಬರಲಿ. ಒಂದನ್ನ ತೋರಿಸಿ ಇನ್ನೊಂದನ್ನ ಹಿಡ್ಕೊಳ್ಳೋಕೆ ಬಂದ್ರೆ, ಬೇಡ ಅನ್ನೋದನ್ನ ಈಗಿನಿಂದಲೇ ಅಭ್ಯಾಸ ಮಾಡ್ಕೊಳ್ಳೋಣ.